ಮೊಸರಿನ ಯಂತ್ರ ಮತ್ತು ನನ್ನ ತಮ್ಮನ ತಲೆ

ಜಗಳ ಶುರುವಾದದ್ದು ಒಂದು ರಬ್ಬರ್ ಬಳೆಯಿಂದ. ಎರಡು ಕೊಳವೆ ಸೇರುವಲ್ಲಿ ಹಾಲು ಸೋರದಂತೆ ಕೂರಿಸುತ್ತಾರಲ್ಲ, ಅದು. ಇಂಗ್ಲಿಷಿನವರು ಅದಕ್ಕೊಂದು ಪುಟ್ಟ ಹೆಸರಿಟ್ಟು ಕೈ ತೊಳೆದುಕೊಂಡಿದ್ದಾರೆ. ಬಲ್ಗೇರಿಯಾದ ನಮ್ಮ ಊರು ಸೆವ್ಲಿಯೆವೊದ ಡೈರಿಯಲ್ಲಿ ಅದಕ್ಕೆ ಮೂರು ಹೆಸರು. ರಿಪೇರಿ ಮನೆಯ ಹಳಬರು ಜರ್ಮನ್ನರಿಂದ ಕಲಿತು ಸೆಮೆರಿಂಗ್ ಎನ್ನುತ್ತಾರೆ. ತೊಟ್ಟಿ ತೊಳೆಯುವ ಹೆಂಗಸರ ಬಾಯಲ್ಲಿ ಅದು ಗಾರ್ನಿಟೂರಾ. ನಿಘಂಟಿನಲ್ಲಿ ಇರುವುದು ಉಪ್ಲತ್ನೇನಿಯೆ. ಹಾಗೆ ಅನ್ನುವವರು ಇಡೀ ಊರಿನಲ್ಲಿ ನಾನೊಬ್ಬಳೇ.

ನಾನು ಬಿಸ್ತ್ರಾ. ಗಡಿಯಾರದ ಗೋಪುರದ ಹಿಂದಿನ ಬೀದಿಯಲ್ಲಿ ನನ್ನದೊಂದು ಒಂಟಿ ಕೋಣೆಯ ಆಫೀಸು. ಇಂಗ್ಲಿಷಿನಲ್ಲಿ ಬಂದದ್ದನ್ನು ಬಲ್ಗೇರಿಯನ್‌ಗೆ ಇಳಿಸಿ, ಕೆಳಗೆ ಸಹಿ ಮಾಡಿ, ದುಂಡು ಸೀಲು ಒತ್ತುತ್ತೇನೆ. ಪ್ರಮಾಣ ಮಾಡಿದ ಅನುವಾದಕಿ ನಾನು. ನನ್ನ ಸೀಲಿದ್ದರೆ ಕೋರ್ಟಿನಿಂದ ಹಿಡಿದು ಸುಂಕದ ಕಟ್ಟೆಯವರೆಗೆ ಯಾರೂ ಮರುಮಾತಾಡುವಂತಿಲ್ಲ. ಮದುವೆಯ ಕಾಗದ, ಹಳೆ ಕಾರಿನ ಕಾಗದ ಎಲ್ಲ ಸಲೀಸು. ಯಂತ್ರದ ಕೈಪಿಡಿ ಬಂತೆಂದರೆ ಮಾತ್ರ ನನಗೆ ತಲೆ ಚಿಟ್ಟು ಹಿಡಿಯುತ್ತದೆ.

ಡೈರಿಯ ಯಜಮಾನ ದಾಂಕೊವ್ ಇಂಗ್ಲೆಂಡಿನಿಂದ ಮೊಸರು ತುಂಬುವ ಯಂತ್ರ ತರಿಸಿದ್ದರು. ಡಬ್ಬಿ ಇಳಿಸುವುದು, ಮೊಸರು ಸುರಿಯುವುದು, ಮೇಲೆ ಮುಚ್ಚಳ ಅಂಟಿಸುವುದು ಎಲ್ಲ ಅದೇ. ಕಾನೂನಿನ ಪ್ರಕಾರ ಕೈಪಿಡಿಯೂ ಗುಂಡಿಗಳ ಮೇಲಿನ ಬರಹವೂ ನಮ್ಮ ಭಾಷೆಯಲ್ಲಿರಬೇಕು. ಅದು ನನ್ನ ಪಾಲಿಗೆ ಬಂತು. ಯಂತ್ರದ ಕಂಪನಿಯವನು ಬಂದು ಒಬ್ಬ ಕೆಲಸಗಾರನನ್ನು ಪರೀಕ್ಷೆ ಮಾಡುತ್ತಾನೆ, ಪಾಸಾದವನು ಆ ಲೈನಿಗೆ ಮುಖ್ಯಸ್ಥ. ಆ ಒಬ್ಬ, ಅಲ್ಲೇ ಕೆಲಸಕ್ಕಿದ್ದ ನನ್ನ ತಮ್ಮ ಮಿಂಕೊ ಎಂದು ದಾಂಕೊವ್ ಮಾತು ಕೊಟ್ಟಿದ್ದರು.

ಇನ್ನೇನು ಬೇಕು ನನಗೆ. ಅಮ್ಮ ತೀರಿಹೋದಾಗ ಮಿಂಕೊಗೆ ಶೂ ದಾರ ಕಟ್ಟಲೂ ಬರುತ್ತಿರಲಿಲ್ಲ. ನಾನೇ ಬೆಳೆಸಿದ್ದು. ನನಗೆ ಮದುವೆಯಾಗಲಿಲ್ಲ, ಮಕ್ಕಳಿಲ್ಲ, ಇರುವುದು ಅವನೊಬ್ಬ. ಅವನ ಹೆಂಡತಿ ರುಮ್ಯಾನಾ ಇಟಲಿಯ ಬೊಲೋನ್ಯಾದಲ್ಲಿ ಯಾರದೋ ಮನೆಯ ಮುದುಕಿಯನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋಗಿದ್ದಾಳೆ. ಇವನು ಮಧ್ಯಾಹ್ನ ಊಟಕ್ಕೆ ಕೂತರೆ ಫೋನನ್ನು ಮೆಣಸಿನ ಚಟ್ನಿಯ ಭರಣಿಗೆ ಒರಗಿಸಿ, ಅವಳ ಮುಖ ನೋಡುತ್ತಾ ತಿನ್ನುತ್ತಾನೆ. ಆಗಾಗ "ನಾನೂ ಹೋಗಿಬಿಡ್ತೀನೇನೋ ಅಕ್ಕ" ಎನ್ನುತ್ತಿದ್ದ. ಮುಖ್ಯಸ್ಥನಾದರೆ ಇವನು ಹೋಗುವುದೂ ತಪ್ಪುತ್ತದೆ, ಅವಳೂ ವಾಪಸು ಬರುತ್ತಾಳೆ ಎಂದು ನಾನು ಲೆಕ್ಕ ಹಾಕಿದ್ದೆ. ಹೀಗಾಗಿ ಆ ಕೈಪಿಡಿಯನ್ನು ಜೀವ ತೇಯ್ದು ಅನುವಾದ ಮಾಡಿದೆ.

ಮಾಡಿದೆ ಎಂದರೆ ಏನು ಸುಮ್ಮನೆಯೇ. ಹೊಸ ಯಂತ್ರವನ್ನು ಮೊದಲ ಬಾರಿ ಕೆಲಸಕ್ಕೆ ಹಚ್ಚುವುದಕ್ಕೆ ಇಂಗ್ಲಿಷಿನಲ್ಲಿ ಒಂದೇ ಪದ. ನಮ್ಮಲ್ಲಿ ಅದು ಮೆರವಣಿಗೆಯಷ್ಟು ಉದ್ದ. ಅದನ್ನು ಅಂಟಿಸಬೇಕಾದ ಗುಂಡಿಯೋ ಹೆಬ್ಬೆರಳಿನಷ್ಟು. ಅರ್ಧ ಅಕ್ಷರ ಗುಂಡಿಯ ಮೇಲೆ, ಅರ್ಧ ಪಕ್ಕದ ಗುಂಡಿಯ ಮೇಲೆ ಬಂತು. ಪಕ್ಕದ್ದು ನಿಲ್ಲಿಸುವ ಗುಂಡಿ. ಇನ್ನು ಖರೀದಿಯ ಕರಾರಿನಲ್ಲಿ, ಸಾಮಾನಿಗೆ ಹೇಳಿದ ದಿನದಿಂದ ಅದು ಕೈ ಸೇರುವ ದಿನದವರೆಗಿನ ಕಾಲಕ್ಕೆ ಇಂಗ್ಲಿಷಿನವರು ಎರಡು ಚುಟುಕು ಮಾತು ಇಟ್ಟಿದ್ದಾರೆ. ನಾನು ನಾಲ್ಕು ಕಡೆ ವಿಚಾರಿಸಿ, ಕೊನೆಗೆ ಒಂದು ಪೂರ್ತಿ ವಾಕ್ಯ ಬರೆದೆ. ದಾಂಕೊವ್ ಕನ್ನಡಕ ಏರಿಸಿ ನೋಡಿದರು.

"ಅವರು ಎರಡೇ ಪದದಲ್ಲಿ ಮುಗಿಸಿದ್ದಾರೆ. ನೀವ್ಯಾಕಮ್ಮ ಕಥೆ ಹೇಳ್ತಾ ಇದ್ದೀರಿ?"

"ನಮ್ಮಲ್ಲಿ ಹಾಗೆ ಪದ ಇಲ್ಲ, ಯಜಮಾನ್ರೇ."

"ಯಾಕಿಲ್ಲ?"

"ನಮ್ಮಲ್ಲಿ ಸಾಮಾನು ಹೇಳಿದ ದಿನಕ್ಕೆ ಬರೋ ಪದ್ಧತಿನೇ ಇರ್ಲಿಲ್ಲವಲ್ಲ, ಪದ ಎಲ್ಲಿಂದ ಬರಬೇಕು?"

ಅವರು ಮುಂದಿನ ಪುಟ ತಿರುವಿದರು.

ಬಳೆಯ ವಿಷಯ ಮಾತ್ರ ನಾನೊಬ್ಬಳೇ ತೀರ್ಮಾನಿಸುವ ಹಾಗಿರಲಿಲ್ಲ. ಕೈಪಿಡಿಯಲ್ಲಿ ಅದು ಪುಟಪುಟಕ್ಕೂ ಬರುತ್ತದೆ. ಊಟದ ಹೊತ್ತಿಗೆ ಡೈರಿಗೆ ಹೋಗಿ ಓದಿ ತೋರಿಸಿದೆ. ರಿಪೇರಿ ಮನೆಯ ರಾಚೊ ಮಾಮ ಬ್ರೆಡ್ಡು ಅಗಿಯುತ್ತಾ ಕೇಳಿಸಿಕೊಂಡರು.

"ಇದು ಯಾವ ದೇಶದ ಭಾಷೆನಮ್ಮಾ ಬಿಸ್ತ್ರಾ?"

"ನಿಮ್ಮಮ್ಮ ಆಡ್ತಿದ್ದ ಭಾಷೆ ಮಾಮ."

"ನಮ್ಮಮ್ಮ ಹಿಂಗೆಲ್ಲ ಆಡಿದ್ದಿದ್ರೆ ನಮ್ಮಪ್ಪ ಮನೆ ಬಿಟ್ಟು ಓಡಿಹೋಗ್ತಿದ್ದ."

ತೊಟ್ಟಿ ತೊಳೆಯುವ ಪೆನ್ಕಾ ಅತ್ತೆ ನಡುವೆ ಬಾಯಿ ಹಾಕಿದಳು. "ಗಾರ್ನಿಟೂರಾ ಅಂತ ಬರ್ಕೊಂಡು ಹೋಗೇ ಹುಡುಗಿ. ಸುಮ್ನೆ ಯಾಕೆ ಗಂಟಲು ಕೆಡಿಸ್ಕೊಳ್ತೀಯ."

"ಅದ್ಹೆಂಗೆ ಗಾರ್ನಿಟೂರಾ ಆಗುತ್ತೆ? ತಿರುಗೋ ಕಡೆ ಇದ್ರೆ ಸೆಮೆರಿಂಗ್, ಕೂತಿರೋ ಕಡೆ ಇದ್ರೆ ಗಾರ್ನಿಟೂರಾ" ಎಂದರು ರಾಚೊ ಮಾಮ.

"ಹಾಗಾದ್ರೆ ಇದು ಯಾವುದು?" ಎಂದು ನಾನು ಚಿತ್ರ ತೋರಿಸಿದೆ.

ರಾಚೊ ಮಾಮ ಕಾಗದವನ್ನು ಬೆಳಕಿಗೆ ಹಿಡಿದರು, ತಿರುಗಿಸಿದರು, ತಲೆಕೆಳಗು ಮಾಡಿದರು. "ಇದು ಎರಡೂ ಅಲ್ಲ. ಇದು ಒಮ್ಮೊಮ್ಮೆ ತಿರುಗುತ್ತೆ, ಒಮ್ಮೊಮ್ಮೆ ಕೂರುತ್ತೆ."

ನನಗೆ ತಲೆಬುಡ ಅರ್ಥವಾಗಲಿಲ್ಲ. ಮಿಂಕೊ ಕಡೆ ತಿರುಗಿ "ನೀನಾದ್ರೂ ಹೇಳೋ, ನಾಳೆ ಅದರ ಮುಂದೆ ನಿಲ್ಲೋನು ನೀನು" ಎಂದೆ.

ಅವನು ಫೋನಿನಿಂದ ಕಣ್ಣೆತ್ತಿ "ನಿಂಗೆ ಸರಿ ಕಂಡಿದ್ದು ಬರಿ ಅಕ್ಕ" ಎಂದ. ಅವನು ಯಾವಾಗಲೂ ಹಾಗೆಯೇ. ಚಿಕ್ಕಂದಿನಿಂದ ನನಗೆ ಎದುರು ಮಾತಾಡಿದವನಲ್ಲ. ನಾನು ನಿಘಂಟಿನ ಮಾತನ್ನೇ ಬರೆದು ಸೀಲು ಒತ್ತಿದೆ.

ಆಮೇಲೆ ಭಾನುವಾರಗಳಲ್ಲಿ ನಮ್ಮ ಬಾಲ್ಕನಿಯಲ್ಲಿ ಅವನನ್ನು ಕೂರಿಸಿಕೊಂಡು ಆ ಪದಗಳನ್ನು ಬಾಯಿಪಾಠ ಮಾಡಿಸಿದೆ. ಕೆಂಪು ಮೆಣಸಿನಕಾಯಿ ಒಣಗಿಸಲು ದಾರಕ್ಕೆ ಪೋಣಿಸುತ್ತಾ ಹೇಳಿಕೊಡುತ್ತಿದ್ದೆ. ಅವನೂ ಪೋಣಿಸುತ್ತಾ ಹೇಳುತ್ತಿದ್ದ. ಬಳೆಯ ಹೆಸರು ಬಂದಾಗ ಅವನ ನಾಲಿಗೆ ಮಗುಚಿ ಬೀಳುತ್ತಿತ್ತು.

"ಈ ಮಾತು ನನ್ನ ಬಾಯಲ್ಲಿ ಕೂರಲ್ಲ ಅಕ್ಕ."

"ಕೂರಿಸು. ಇದೊಂದು ಆದ್ರೆ ರುಮ್ಯಾನಾ ವಾಪಸ್ ಬರ್ತಾಳೆ."

"ಬರ್ತಾಳಾ?"

"ಬರದೆ ಏನು. ಲೈನಿನ ಮುಖ್ಯಸ್ಥನ ಹೆಂಡ್ತಿ ಅಲ್ಲಿ ಕೂತ್ಕೊಂಡು ಯಾವಳೋ ಮುದುಕಿಗೆ ಸ್ನಾನ ಮಾಡಿಸ್ತಾಳಾ?"

ಅವನು ತಲೆ ತಗ್ಗಿಸಿ ಮೆಣಸಿನಕಾಯಿ ಪೋಣಿಸಿದ. ಪಾಠದ ಕಡೆ ಗಮನವಿದೆ ಎಂದು ನಾನು ಖುಷಿಪಟ್ಟೆ.

ಪರೀಕ್ಷೆಯ ಹಿಂದಿನ ದಿನ ದಾಂಕೊವ್ ಎಲ್ಲರನ್ನೂ ಕರೆದು ಎರಡು ಅಪ್ಪಣೆ ಕೊಟ್ಟರು. ಒಂದು, ಇಂಗ್ಲೆಂಡಿನವನ ಮುಂದೆ ಕೈಪಿಡಿಯ ಪದ ಬಿಟ್ಟು ಬೇರೆ ಪದ ಯಾರ ಬಾಯಿಂದಲೂ ಬರಕೂಡದು. ಎರಡನೆಯದು ತಲೆಯದು. ನಮ್ಮಲ್ಲಿ ತಲೆಯನ್ನು ಆಚೀಚೆ ಆಡಿಸಿದರೆ ಹೌದು, ಮೇಲೆ ಕೆಳಗೆ ಆಡಿಸಿದರೆ ಇಲ್ಲ. ಹುಟ್ಟಿದಾಗಿನಿಂದ ಹೀಗೇ ಆಡಿಸಿಕೊಂಡು ಬಂದಿದ್ದೇವೆ, ಯಾರಿಗೂ ಕತ್ತು ಉಳುಕಿಲ್ಲ. ಹೊರಗಿನವರದ್ದು ಇದಕ್ಕೆ ಉಲ್ಟಾ. ಹಿಂದೊಮ್ಮೆ ಫ್ರಾನ್ಸಿನಿಂದ ಬಂದ ವ್ಯಾಪಾರಿ "ಚೀಸು ತಾಜಾ ಇದೆಯಾ" ಎಂದು ಕೇಳಿದಾಗ ಎಲ್ಲರೂ ಹುರುಪಿನಿಂದ ತಲೆ ಆಚೀಚೆ ಆಡಿಸಿದ್ದರು. ಅವನು ಥ್ಯಾಂಕ್ಸ್ ಹೇಳಿ ಕಾರು ಹತ್ತಿಬಿಟ್ಟಿದ್ದ.

"ಅದಕ್ಕೇ ನಾಳೆ ಅವರ ಥರ ಆಡಿಸೋದು. ಹೌದು ಅಂದ್ರೆ ಮೇಲೆ ಕೆಳಗೆ" ಎಂದು ದಾಂಕೊವ್ ಹಾಲಿನ ಕ್ರೇಟಿನ ಮೇಲೆ ಹತ್ತಿ ನಿಂತರು. "ಎಲ್ಲಿ, ಹೇಳಿ ನೋಡೋಣ. ಮೊಸರು ಬೆಳ್ಳಗಿದೆಯಾ?"

ಒಬ್ಬರ ತಲೆ ಮೇಲೆ ಹೋಯಿತು, ಒಬ್ಬರದು ಪಕ್ಕಕ್ಕೆ ಹೋಯಿತು. ಪೆನ್ಕಾ ಅತ್ತೆಯದು ಸುತ್ತು ಹೊಡೆಯಿತು.

"ಪೆನ್ಕಾ, ಏನದು?"

"ಮೊಸರು ಬೆಳ್ಳಗಿದೆ ಯಜಮಾನ್ರೇ, ನನ್ನ ಕತ್ತು ಕೇಳ್ತಾ ಇಲ್ಲ."

ನನಗೆ ರೇಗಿತು. "ತಲೆ ಬಿಡಿ, ಬಾಯಲ್ಲಿ ಹೇಳ್ಲಿ. ತಲೆಗೆ ನಾನು ಸೀಲು ಹಾಕಲ್ಲ" ಎಂದೆ. ನಮ್ಮ ಕಸುಬಿನಲ್ಲಿ ಅದೊಂದು ಕಟ್ಟುನಿಟ್ಟು. ಆಡಿದ ಮಾತನ್ನು ಮಾತ್ರ ದಾಟಿಸಬೇಕು. ಯಾರಾದರೂ ತಲೆಯಾಡಿಸಿದರೆ, ಹೆಗಲು ಕುಣಿಸಿದರೆ, ಬಾಯಿಬಿಟ್ಟು ಹೇಳಿ ಎಂದು ಕೇಳಬೇಕು. ನನ್ನ ಮಾತನ್ನು ಯಾರು ಕೇಳುತ್ತಾರೆ. ಮಿಂಕೊ ಮಾತ್ರ ಮೂಲೆಯಲ್ಲಿ ನಿಂತು ಶ್ರದ್ಧೆಯಿಂದ ಮೇಲೆ ಕೆಳಗೆ ಅಭ್ಯಾಸ ಮಾಡುತ್ತಿದ್ದ. ಬಾಯಲ್ಲಿ ಕೂರದ ಪದಗಳಿಗಿಂತ ಇದೇ ವಾಸಿ ಎನ್ನಿಸಿರಬೇಕು.

ಮರುದಿನ ಬೆಳಿಗ್ಗೆ ಯಂತ್ರದ ಕಂಪನಿಯಿಂದ ಬಂದ ಪ್ರೆಂಟಿಸ್ ಎಂಬವನು ಉದ್ದನೆಯ, ಮೆದು ಮಾತಿನ ಮನುಷ್ಯ. ಕಾಫಿ ಬೇಕೇ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಅವನು ನಗುತ್ತಾ ತಲೆಯನ್ನು ಆಚೀಚೆ ಆಡಿಸಿದ. ಇಂಗ್ಲಿಷಿನವನು ಹಾಗೆ ಆಡಿಸಿದರೆ ಬೇಡವೆಂದಲ್ಲವೇ. ಉಳಿದವರಿಗೆಲ್ಲ ಬಗ್ಗಿಸಿ ಅವನನ್ನು ಬಿಟ್ಟೆ. ಅವನು ನಮ್ಮ ಕಪ್ಪುಗಳನ್ನು ಒಂದೊಂದಾಗಿ ನೋಡುತ್ತಾ ಕೂತ. ಏನಪ್ಪ ಇವನ ಸಂಕಟ ಎಂದುಕೊಂಡೆ.

ಪರೀಕ್ಷೆ ಯಂತ್ರದ ಮುಂದೆಯೇ ಶುರುವಾಯಿತು. ಬಳೆ ಬದಲಿಸುವ ಮೊದಲು ಯಂತ್ರ ನಿಲ್ಲಿಸಬೇಕೇ ಎಂದು ಪ್ರೆಂಟಿಸ್ ಕೇಳಿದ. ನಾನು ಬಲ್ಗೇರಿಯನ್‌ನಲ್ಲಿ ಹೇಳಿದೆ. ಮಿಂಕೊ ಪಾಠ ಮಾಡಿಕೊಂಡಂತೆ ಮೇಲೆ ಕೆಳಗೆ ತಲೆಯಾಡಿಸಿದ. ಪ್ರೆಂಟಿಸನ ಮುಖ ಬಾಡಿತು. ಕೈಯಲ್ಲಿದ್ದ ಹಾಳೆಯ ಮೇಲೆ ಅಡ್ಡ ಗೀಟು ಎಳೆದ.

ಆಗ ನನಗೆ ಹೊಳೆಯಿತು. ಈ ಪುಣ್ಯಾತ್ಮ ನಮ್ಮ ಪದ್ಧತಿಯನ್ನು ಎಲ್ಲೋ ಓದಿಕೊಂಡು ಬಂದಿದ್ದಾನೆ. ಅವನು ನಮ್ಮ ತಲೆ ಕಲಿತಿದ್ದಾನೆ, ನಾವು ಅವನ ತಲೆ ಕಲಿತಿದ್ದೇವೆ. ಕಾಫಿಯೂ ಅವನಿಗೆ ಬೇಕಿತ್ತು.

"ಬಾಯಲ್ಲಿ ಹೇಳು ಮಿಂಕೊ" ಎಂದೆ.

"ಹೌದು."

"ಹೌದು ಅಂತಾರೆ" ಎಂದು ಇಂಗ್ಲಿಷಿನಲ್ಲಿ ದಾಟಿಸಿದೆ. ಪ್ರೆಂಟಿಸ್ ಕಕ್ಕಾಬಿಕ್ಕಿಯಾಗಿ ಗೀಟನ್ನು ಒರೆಸಿದ. ಆಮೇಲೆ ಸಮಾಧಾನಕ್ಕೆಂದು ತಾನೇ ತಲೆಯನ್ನು ಮೇಲೆ ಕೆಳಗೆ ಆಡಿಸಿದ. ಅದು ಅವನ ಮನೆಯ ಹೌದೋ, ನಮ್ಮ ಊರಿನ ಇಲ್ಲವೋ ತಿಳಿಯದೆ ಮಿಂಕೊ ಬೆವರಿದ. ಮುಂದಿನ ಪ್ರಶ್ನೆಗೆ ಅಭ್ಯಾಸ ತಪ್ಪಿ ನಮ್ಮ ಹಾಗೇ ಆಚೀಚೆ ಆಡಿಸಿದ. ಹಿಂದಿನಿಂದ ದಾಂಕೊವ್ ಕೆಮ್ಮಿದರು. ಮಿಂಕೊ ತಕ್ಷಣ ಮೇಲೆ ಕೆಳಗೆ ಆಡಿಸಿದ. ಪ್ರೆಂಟಿಸ್ ನನ್ನ ಮುಖ ನೋಡಿದ.

"ಬಾಯಲ್ಲಿ ಹೇಳು" ಎಂದೆ.

ಹೀಗೇ ನಡೆಯಿತು. ಪ್ರತಿಯೊಂದು ಪ್ರಶ್ನೆಗೂ ತಲೆ, ಪ್ರತಿಯೊಂದು ತಲೆಗೂ ನನ್ನ "ಬಾಯಲ್ಲಿ ಹೇಳು". ಮೂವರಲ್ಲಿ ಯಾರ ತಲೆ ಯಾವ ದೇಶದಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಒಮ್ಮೆ ನನ್ನ ತಲೆಯೇ ಅಲ್ಲಾಡಿತು, ಅದು ಯಾವ ಕಡೆಗೆ ಅಲ್ಲಾಡಿತೆಂದು ನನಗೇ ತಿಳಿಯಲಿಲ್ಲ. ಪುಣ್ಯಕ್ಕೆ ಕೈಕೆಲಸ ಬಂತು. ಮಿಂಕೊ ಮುಚ್ಚಳದ ಸುರುಳಿಯನ್ನು ಮೊದಲು ಹಿಂದುಮುಂದಾಗಿ ಹಾಕಿದ, ನಾಲಿಗೆ ಕಚ್ಚಿಕೊಂಡು ಸರಿಮಾಡಿದ. ಬಳೆ ಕೂರಿಸಿದ. ಗುಂಡಿ ಒತ್ತಿದ. ಡಬ್ಬಿಗಳು ತುಂಬಿ ತುಂಬಿ ಸಾಲಾಗಿ ಬಂದವು, ಒಂದು ತೊಟ್ಟೂ ಸೋರಲಿಲ್ಲ. ಪ್ರೆಂಟಿಸ್ ಚಪ್ಪಾಳೆ ತಟ್ಟಿದ. ಅದನ್ನು ಮಾತ್ರ ಎಲ್ಲರೂ ಒಂದೇ ರೀತಿ ಅರ್ಥ ಮಾಡಿಕೊಂಡರು.

ನನ್ನ ಎದೆ ತುಂಬಿ ಬಂದಿತ್ತು. ಪ್ರೆಂಟಿಸ್ ಕೊನೆಯದಾಗಿ ನನಗೆ ಹೇಳಿದ: "ಇವರನ್ನು ಮುಖ್ಯಸ್ಥರಾಗಿ ಒಪ್ಪಿಕೊಳ್ಳೋಕೆ ನಮಗೆ ಸಂತೋಷ. ತರಬೇತಿಗೆ ಇಂಗ್ಲೆಂಡಿಗೆ ಕರೆಸ್ತೀವಿ. ಆದರೆ ಆಮೇಲೆ ಮೂರು ವರ್ಷ ಈ ಕೆಲಸ ಬಿಟ್ಟು ಹೋಗಬಾರದು. ಒಪ್ಪಿಗೆಯಾ ಕೇಳಿ."

ನಾನು ಕೇಳಿದೆ. ಮೂರು ವರ್ಷ ಎನ್ನುವಾಗ ನನ್ನ ದನಿ ಸ್ವಲ್ಪ ಹಿಗ್ಗಿತ್ತು.

ಮಿಂಕೊ ಪ್ರೆಂಟಿಸನನ್ನು ನೋಡಲಿಲ್ಲ. ನನ್ನನ್ನು ನೋಡಿದ. ತಲೆಯನ್ನು ನಿಧಾನಕ್ಕೆ ಮೇಲೆತ್ತಿ, ಕೆಳಗಿಳಿಸಿದ.

ಪ್ರೆಂಟಿಸ್ ಹುಬ್ಬೇರಿಸಿ ನನ್ನ ಕಡೆ ತಿರುಗಿದ. ಬಾಯಲ್ಲಿ ಹೇಳು ಎಂಬ ಮಾತು ನನ್ನ ತುಟಿಯವರೆಗೂ ಬಂತು. ಬೆಳಗಿನಿಂದ ಮೇಲೆ ಕೆಳಗೆ ಎಂದರೆ ಹೌದೇ ತಾನೇ, ಮತ್ತೆ ಮತ್ತೆ ಕೇಳುವುದೇನು ಎಂದುಕೊಂಡೆ.

"ಹೌದು ಅಂತಾರೆ" ಎಂದೆ.

ದಾಂಕೊವ್ ಪ್ಲಮ್ ಹಣ್ಣಿನ ಸಾರಾಯಿ ರಾಕಿಯಾದ ಬಾಟಲಿ ತೆಗೆದರು. ಪೆನ್ಕಾ ಅತ್ತೆ ಮಿಂಕೊನ ಎರಡೂ ಕೆನ್ನೆಗೆ ಮುತ್ತಿಟ್ಟಳು. ರಾಚೊ ಮಾಮ ಅವನ ಬೆನ್ನಿಗೆ ಗುದ್ದಿ "ಇನ್ನು ನಿನ್ನ ಮುಂದೆ ಟೋಪಿ ತೆಗೀಬೇಕೇನಪ್ಪ" ಎಂದರು. ಮಿಂಕೊ ಎಲ್ಲರ ಕೈ ಕುಲುಕಿದ. ನಾನು ಪ್ರೆಂಟಿಸನಿಗೆ ಕಾಫಿ ಬಗ್ಗಿಸಿಕೊಟ್ಟು ತಿರುಗಿ ನೋಡುವಾಗ ಮಿಂಕೊ ಇರಲಿಲ್ಲ.

ಹಿತ್ತಲಲ್ಲಿ ಹಾಲಿನ ಕ್ಯಾನು ತೊಳೆಯುವ ಕಟ್ಟೆಯ ಮೇಲೆ ಕೂತಿದ್ದ. ಕೈಯಲ್ಲಿ ಫೋನಿತ್ತು. ಯಾರಿಗೂ ಮಾಡುತ್ತಿರಲಿಲ್ಲ.

"ಒಳಗೆ ಎಲ್ಲಾ ಕಾಯ್ತಿದ್ದಾರೆ. ಇಲ್ಲೇನೋ ಮಾಡ್ತಿದ್ದೀಯ?"

"ಅಕ್ಕ, ಅವನಿಗೆ ಏನು ಹೇಳ್ದೆ?"

"ನೀನು ಹೇಳಿದ್ದೇ."

"ನಾನೇನು ಹೇಳ್ದೆ?"

"ಹೌದು ಅಂದೆ."

"ನಾನು ಇಲ್ಲ ಅಂದೆ."

ನನಗೆ ಮೈಯೆಲ್ಲ ಉರಿಯಿತು. "ಏನಾಟ ಆಡ್ತಿದ್ದೀಯೇನೋ? ಬೆಳಗ್ಗಿಂದ ಮೇಲೆ ಕೆಳಗೆ ಅಂದ್ರೆ ಹೌದು ಅಂತ ಕುಣಿಸಿ ಕುಣಿಸಿ, ಈಗ ಇಲ್ಲ ಅಂತೀಯ?"

"ಅದು ಯಂತ್ರದ ವಿಷಯಕ್ಕೆ. ಇದು ನನ್ನ ವಿಷಯ."

"ಬಾಯಿಗೇನು ಬಂದಿತ್ತು ನಿಂಗೆ?"

"ನೀನು ಕೇಳ್ಲಿಲ್ಲ ಅಕ್ಕ. ಎಲ್ಲದಕ್ಕೂ ಬಾಯಲ್ಲಿ ಹೇಳು, ಬಾಯಲ್ಲಿ ಹೇಳು ಅಂದೆ. ಇದೊಂದಕ್ಕೆ ಅನ್ನಲಿಲ್ಲ."

ಅವನು ನೆಲ ನೋಡುತ್ತಾ ಹೇಳಿದ. ರುಮ್ಯಾನಾ ಬರುವುದಿಲ್ಲ. ಬೊಲೋನ್ಯಾದ ಹತ್ತಿರ ಒಂದು ಚೀಸು ಮಾಡುವ ಜಾಗದಲ್ಲಿ ಅವನಿಗೆ ಕೆಲಸ ನೋಡಿಟ್ಟಿದ್ದಾಳೆ. ಬೇಸಿಗೆಯಿಂದ ನನಗೆ ಹೇಳಬೇಕು ಹೇಳಬೇಕು ಎಂದುಕೊಂಡು ಹೇಳಲಾಗಿಲ್ಲ.

"ಮತ್ತೆ ಪರೀಕ್ಷೆಗೆ ಯಾಕೋ ಕೂತೆ?"

"ನೀನು ಅಷ್ಟು ಕಷ್ಟಪಟ್ಟು ಬರೆದಿದ್ದೆ. ನಿಂಗೆ ನಾನು ಯಾವತ್ತು ಇಲ್ಲ ಅಂದಿದ್ದೀನಿ ಹೇಳು. ಬಾಯಿ ಬರಲ್ಲ ನಂಗೆ." ಅವನು ಎದ್ದು ನಿಂತ. "ಇರ್ಲಿ ಬಿಡು. ಹೌದು ಅಂದುಬಿಟ್ಟಿದ್ದೀಯಲ್ಲ, ಇದ್ದುಬಿಡ್ತೀನಿ. ಅಷ್ಟು ಜನರ ಮುಂದೆ ನಿನ್ನ ಮಾತು ಸುಳ್ಳಾಗೋದು ಬೇಡ."

ನನಗೆ ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ, ಮೊದಲು ಸಂತೋಷವೇ ಆಯಿತು. ಉಳಿಯುತ್ತಾನೆ, ನಾನು ಸುಮ್ಮನಿದ್ದರೆ ಸಾಕು. ಮೂರು ವರ್ಷ ಪ್ರತಿ ಭಾನುವಾರ ಬರುತ್ತಾನೆ, ಬಾಲ್ಕನಿಯಲ್ಲಿ ಕೂರುತ್ತಾನೆ. ಎದುರಿಗೆ ಮೆಣಸಿನ ಚಟ್ನಿಯ ಭರಣಿ, ಭರಣಿಗೆ ಒರಗಿದ ಫೋನು, ಅದರಲ್ಲಿ ರುಮ್ಯಾನಾಳ ಮುಖ. ಆ ಫೋನು ಕಣ್ಣಿಗೆ ಕಟ್ಟಿದ ಮೇಲೆ ನನಗೆ ನಾಚಿಕೆಯಾಯಿತು. ಬಾಯಿಬಿಟ್ಟು ಅಳಬೇಕೆನ್ನಿಸಿತು.

"ಮುಖ ತೊಳ್ಕೊಂಡು ಬಾ" ಎಂದು ಅವನಿಗೆ ಹೇಳಿ ಒಳಗೆ ಹೋದೆ.

ಪ್ರೆಂಟಿಸ್ ರಾಕಿಯಾದ ಪುಟ್ಟ ಗ್ಲಾಸು ಹಿಡಿದು ನಿಂತಿದ್ದ. ದಾಂಕೊವ್ ಅವನ ಪಕ್ಕದಲ್ಲಿ ಬೀಗುತ್ತಿದ್ದರು. ನಾನು ಅವರಿಬ್ಬರ ಮುಂದೆ ನಿಂತೆ. ನನ್ನ ತಲೆ ಯಾವ ಕಡೆಗೂ ಅಲ್ಲಾಡದಿರಲಿ ಎಂದು ಎರಡೂ ಕೈಯಿಂದ ಕೆನ್ನೆಗಳನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಪೆನ್ಕಾ ಅತ್ತೆ "ಏನಾಯ್ತೇ, ಹಲ್ಲು ನೋವಾ?" ಎಂದಳು.

"ಇಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳಿದೆ. "ನನ್ನ ತಮ್ಮ ಹೇಳಿದ್ದು ಇಲ್ಲ ಅಂತ. ನಾನು ಅನುವಾದ ತಪ್ಪು ಮಾಡಿದೆ." ಅದನ್ನೇ ನಮ್ಮ ಭಾಷೆಯಲ್ಲಿ ಇನ್ನೊಮ್ಮೆ ಹೇಳಿದೆ. ದಾಂಕೊವರ ಮುಖ ಬಿಳಿಚಿಕೊಂಡಿತು. ರಾಚೊ ಮಾಮ ಗ್ಲಾಸು ಕೆಳಗಿಟ್ಟರು.

ಪ್ರೆಂಟಿಸ್ ಮಾತ್ರ ಆಶ್ಚರ್ಯಪಡಲಿಲ್ಲ. ನನ್ನನ್ನು ನೋಡಿ ಮೆಲ್ಲಗೆ ಏನೋ ಹೇಳಿದ.

"ಏನಂದ? ಏನಂತಾನೆ ಅವನು?" ಎಂದು ದಾಂಕೊವ್ ನನ್ನ ತೋಳು ಹಿಡಿದರು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಮಿಂಕೊ ಒದ್ದೆ ಮುಖದಲ್ಲಿ ಬಾಗಿಲ ಬಳಿ ಬಂದು ನಿಂತಿದ್ದ.

ನಾನು ಕೆನ್ನೆಯಿಂದ ಕೈ ತೆಗೆದು, ಒಂದು ಪದವನ್ನೂ ಬಿಡದೆ ದಾಟಿಸಿದೆ.

"ಅವರು ಇಲ್ಲ ಅಂದ ಹಾಗೇ ನನಗೂ ಕಂಡಿತ್ತು. ಆದರೆ ನೀವು ಅವರ ಅಕ್ಕ ಅಲ್ವಾ, ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ, ಅಂತಾರೆ."